ಏಳು ತುಂಬಿದ ಮೇಲೂ ಮೈಸೂರಿನಲ್ಲೇ

ನಮ್ಮ ಕಡೆ ಬಸುರಿಗೆ ಏಳು ತುಂಬಿತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಯಾವತ್ತು ಕರ್ಕೊಂಡೋಗ್ತಾರೆ?" ಕರೆದುಕೊಂಡು ಹೋಗುತ್ತಾರೋ ಇಲ್ಲವೋ ಅನ್ನುವ ಅನುಮಾನ ಯಾರಿಗೂ ಇರುವುದಿಲ್ಲ. ಚೊಚ್ಚಲ ಹೆರಿಗೆ ತವರಿನದು. ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ಕರೆದುಕೊಂಡು ಹೋದರೆ ಮಗುವಿಗೆ ಮೂರೋ ಐದೋ ತಿಂಗಳಾದ ಮೇಲೆ ತೊಟ್ಟಿಲ ಸಮೇತ ಕಳಿಸಿಕೊಡುವುದು ವಾಡಿಕೆ. ನನ್ನ ತವರು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಾವಿರುವುದು ಮೈಸೂರಿನ ಇಟ್ಟಿಗೆಗೂಡಿನಲ್ಲಿ, ಬಾಡಿಗೆ ಮನೆಯ ಮಹಡಿಯಲ್ಲಿ. ನಾನು ಹೋಗುತ್ತಿಲ್ಲ. ಹೆರಿಗೆ ಇಲ್ಲೇ, ಇವರು ಇರುವಲ್ಲೇ ಆಗಲಿ ಅಂತ ನಾವಿಬ್ಬರೂ ಕೂತು ಮಾತಾಡಿ ತೀರ್ಮಾನಿಸಿದ್ದೇವೆ. ಜನವರಿಗೆ ದಿನ ಕೊಟ್ಟಿದ್ದಾರೆ.

ತವರಿನ ಮೇಲೆ ನನಗೆ ಮುನಿಸೇನಿಲ್ಲ. ಆ ಪದ್ಧತಿಯ ಬುಡದಲ್ಲಿ ಕರುಣೆ ಇದೆ. ಅವ್ವನ ಕಾಲದಲ್ಲಿ ಅತ್ತೆಮನೆ ಅಂದರೆ ಹತ್ತು ಹದಿನೈದು ಜನರ ಒಲೆ, ಕೊಟ್ಟಿಗೆ, ನಾಟಿ, ಕಳೆ. ತುಂಬು ಬಸುರಿಗೂ ನೀರು ಹೊರುವುದು ತಪ್ಪುತ್ತಿರಲಿಲ್ಲ. ತವರಿಗೆ ಬಂದರೆ ಮಾತ್ರ ಹುಡುಗಿ ಕಾಲು ಚಾಚಿ ಮಲಗಬಹುದಿತ್ತು, ಬೇಕಾದ್ದನ್ನು ಬಾಯಿಬಿಟ್ಟು ಕೇಳಬಹುದಿತ್ತು. ನಮ್ಮ ಮನೆಯಲ್ಲಿರುವುದು ಇಬ್ಬರೇ. ಅತ್ತೆ ಮಾವ ನಂಜುಮಳಿಗೆಯಲ್ಲಿ ಮೈದುನನ ಜೊತೆ ಇದ್ದಾರೆ, ನನ್ನಿಂದ ಒಂದು ಲೋಟ ನೀರನ್ನೂ ಅಪೇಕ್ಷಿಸಿದವರಲ್ಲ. ಹಾಗಿರುವಾಗ ನನ್ನನ್ನು ಯಾರಿಂದ ಬಿಡಿಸಿಕೊಂಡು ಹೋಗಬೇಕು? ಇವರೊಬ್ಬರಿಂದಲೇ. ಅದೂ ನಾವಿಬ್ಬರೂ ಒಬ್ಬರನ್ನೊಬ್ಬರು ಹೊಸದಾಗಿ ಕಲಿಯುತ್ತಿರುವ ತಿಂಗಳುಗಳಲ್ಲಿ.

ಆ ಕಲಿಕೆ ಶುರುವಾದದ್ದು ಅಡುಗೆಮನೆಯಿಂದ. ಎರಡನೇ ತಿಂಗಳಲ್ಲಿ ನನಗೆ ಒಗ್ಗರಣೆಯ ವಾಸನೆ ಆಗದೆ ಹೋಯಿತು. ಸಾಸಿವೆ ಸಿಡಿದರೆ, ಇಂಗು ಬಿದ್ದರೆ, ಪಕ್ಕದ ಮನೆಯಿಂದ ಕರಿಬೇವು ಹುರಿದ ಗಾಳಿ ಬಂದರೂ ಬಚ್ಚಲಿಗೆ ಓಡಬೇಕು. ಆ ವಾರಗಳಲ್ಲಿ ಮೈಯ ಹಾರ್ಮೋನು ಏರಿ ಏರಿ ತುದಿ ಮುಟ್ಟುವುದರಿಂದ ಹೀಗೆ, ಮೂರು ತಿಂಗಳು ಕಳೆದರೆ ಬಹಳ ಜನರಿಗೆ ಕಡಿಮೆಯಾಗುತ್ತದೆ ಅಂದರು ಡಾಕ್ಟರು. ಅಲ್ಲಿಯವರೆಗೆ ಏನು ತಿನ್ನುವುದು? ಇವರದು ಒಗ್ಗರಣೆಯ ಮನೆ. ಮೊಸರನ್ನಕ್ಕೂ ಒಗ್ಗರಣೆ ಬೇಕು. ಮದುವೆಯಾದಾಗಿನಿಂದ ನಾನೂ ಅದಕ್ಕೇ ಹೊಂದಿಕೊಂಡಿದ್ದೆ. ಆಗ ನೆನಪಾದದ್ದು ನಮ್ಮ ಮಂಡ್ಯ ಸೀಮೆಯ ಉಪ್ಸಾರು. ಅದಕ್ಕೆ ಒಗ್ಗರಣೆಯೇ ಬೇಡ. ತೊಗರಿಬೇಳೆಗೆ ಸೊಪ್ಪೋ ಹುರುಳಿಕಾಯೋ ಹಾಕಿ ಉಪ್ಪಿನಲ್ಲಿ ಬೇಯಿಸಿ ಕಟ್ಟು ಬಸಿದುಕೊಂಡು, ಖಾರವನ್ನು ಬೇರೆ ಅರೆದುಕೊಂಡರೆ ಮುಗಿಯಿತು. ಮೆಣಸಿನಕಾಯಿ ಹುರಿದರೆ ಘಾಟು. ಅದಕ್ಕೆ ಹಸಿಮೆಣಸಿನಕಾಯನ್ನು ಬೇಳೆಯ ಜೊತೆಗೇ ಬೇಯಿಸಿ ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹಣ್ಣಿನ ಜೊತೆ ಅರೆಯುವುದು.

ಇವರು ಅದನ್ನು ಅವ್ವನಿಂದ ವಿಡಿಯೋ ಕಾಲ್‌ನಲ್ಲಿ ಕಲಿತರು. ಮುದ್ದೆಯನ್ನೂ. ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ಇವರು ತಿರುವುವುದು, ಆ ಕಡೆಯಿಂದ ಅವ್ವ, "ಕೋಲು ನಿಲ್ಲಿಸ್ಬ್ಯಾಡಿ, ಗಂಟಾಯ್ತದೆ, ಉರಿ ಸಣ್ಣ ಮಾಡಿ" ಅನ್ನುವುದು. ಅಳಿಯನ ಎದುರು ಕೂತು ನಾಲ್ಕು ಮಾತಾಡಲೂ ಸಂಕೋಚಪಡುತ್ತಿದ್ದ ನನ್ನವ್ವ, ಎಸರು ಕುದಿಯುವ ಹೊತ್ತಿನಲ್ಲಿ ಇವರ ಕೆಲಸದ ಬಗ್ಗೆ, ಇವರ ಬೆನ್ನುನೋವಿನ ಬಗ್ಗೆ ಕೇಳತೊಡಗಿದಳು. ನಾನು ಹಾಲ್‌ನಲ್ಲಿ ಕಿಟಕಿ ತೆರೆದು ಕೂತು ಇಬ್ಬರ ಮಾತನ್ನೂ ಕೇಳುತ್ತಿದ್ದೆ. ನಾನು ತವರಿಗೆ ಹೋಗಿಬಿಟ್ಟಿದ್ದರೆ ಅವರಿಬ್ಬರ ನಡುವೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ ಅಂತ ಡಾಕ್ಟರು ಹೇಳಿದ ದಿನ ಅವ್ವನಿಗೆ ಆದ ಹೆಮ್ಮೆಯನ್ನು ಬರೆಯಲು ಬರುವುದಿಲ್ಲ.

ಮಾತ್ರೆಗಳ ಲೆಕ್ಕ ಇವರದೇ. ಕಬ್ಬಿಣಾಂಶದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕಾಫಿ, ಟೀ ಕೂಡ ಕಬ್ಬಿಣಾಂಶಕ್ಕೆ ಅಡ್ಡ, ನಿಂಬೆಹಣ್ಣು ಒಳ್ಳೆಯದು. ಬೆಳಗ್ಗೆ ಎದ್ದ ಕೂಡಲೇ ಇಬ್ಬರೂ ಕೂತು ಫಿಲ್ಟರ್ ಕಾಫಿ ಕುಡಿಯುವುದು ನಮ್ಮ ಮನೆಯ ಸುಖ. ಅದನ್ನು ಬಿಡಿಸುವ ಬದಲು ಇವರು ಕಬ್ಬಿಣಾಂಶದ ಮಾತ್ರೆಯನ್ನು ಊಟವಾಗಿ ಎರಡು ಗಂಟೆಯ ಮೇಲೆ ನಿಂಬೆ ಪಾನಕದ ಜೊತೆ ಅಂತ ಗೊತ್ತುಮಾಡಿದರು. ಸೆಕೆಂಡ್ ಶಿಫ್ಟ್ ಇದ್ದ ವಾರ ಮೈಸೂರಿನ ಹೆಬ್ಬಾಳದ ಕಾರ್ಖಾನೆಯಿಂದ ಟೀ ಬಿಡುವಿನಲ್ಲಿ ಫೋನ್ ಮಾಡಿ, "ತಗೊಂಡ್ಯೇನೇ?" ಅಂತ ಕೇಳುವುದಿತ್ತು. ನಾನು "ಹ್ಞೂಂ ರೀ" ಅಂದರೆ ಅಷ್ಟೇ, ಫೋನ್ ಇಟ್ಟುಬಿಡುವರು.

ಆದರೆ ನಮ್ಮ ಜಗಳವೂ ಆ ಕಾರ್ಖಾನೆಯದೇ. ಮಗು ಬರುತ್ತದೆ ಅಂತ ಗೊತ್ತಾದ ತಿಂಗಳಿನಿಂದ ಇವರು ಓವರ್‌ಟೈಮ್ (ಓಟಿ) ಮಾಡತೊಡಗಿದರು. ಆಸ್ಪತ್ರೆಯವರು ಖರ್ಚಿನ ಅಂದಾಜು ಹೇಳಿದ್ದರು; ಸಿಸೇರಿಯನ್ ಆದರೆ ಇನ್ನೂ ಹೆಚ್ಚು. ದುಡ್ಡು ಕೂಡಿಡುವುದೇ ತನ್ನ ಪಾಲಿನ ಬಸುರು ಅಂತ ಇವರು ನಂಬಿದ್ದರು. ರಾತ್ರಿ ಹನ್ನೊಂದಕ್ಕೆ ಬಂದು ಮಾತಾಡಲೂ ಆಗದೆ ಮಲಗುವುದು. ನನಗೆ ದುಡ್ಡಿನ ಚಿಂತೆ ಇರಲಿಲ್ಲ ಅಂತಲ್ಲ, ಆದರೆ ಸಂಜೆಯ ಆರರಿಂದ ಹನ್ನೊಂದು ನನಗೆ ಬಹಳ ಉದ್ದವಾಗುತ್ತಿತ್ತು. ಒಂದು ರಾತ್ರಿ ನಾನು ಜೋರಾಗಿಯೇ ಅಂದೆ: "ಮಗು ಹುಟ್ಟಿದ ಮೇಲೂ ನೀವು ಹೀಗೇ ದುಡೀತಿದ್ರೆ ಅದು ನಿಮ್ಮನ್ನ ಭಾನುವಾರದ ನೆಂಟ್ರು ಅನ್ಕೊಳುತ್ತೆ." ಇವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಅಪ್ಪನ ಬಗ್ಗೆ ಹೇಳಿದರು. ಮಾವ ಮಿಲ್ಲಿನ ಕೆಲಸದಲ್ಲಿದ್ದವರು. ಇವರಿಗೆ ಅಪ್ಪ ಅಂದರೆ ಗೂಟಕ್ಕೆ ನೇತುಹಾಕಿದ ಖಾಕಿ ಅಂಗಿ. ಅಂಗಿ ಇದ್ದರೆ ಅಪ್ಪ ಮನೆಯಲ್ಲಿದ್ದಾನೆ, ಮಲಗಿದ್ದಾನೆ, ಸದ್ದು ಮಾಡಬಾರದು. ಇದನ್ನು ಇವರು ಅದುವರೆಗೆ ನನಗೆ ಹೇಳಿರಲಿಲ್ಲ. ಓಟಿ ದಸರಾದವರೆಗೆ ಸಾಕು ಅಂತ ಆ ರಾತ್ರಿ ಒಪ್ಪಂದವಾಯಿತು, ಅದನ್ನು ಇವರು ಉಳಿಸಿಕೊಂಡರು.

ಈ ವಿಷಯದಲ್ಲಿ ಕಾನೂನೂ ಇವರ ಜೊತೆಗಿಲ್ಲ. ನಾನು ಖಾಸಗಿ ಶಾಲೆಯ ಟೀಚರು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಸರ್ಕಾರಿ ನೌಕರಿಯ ಗಂಡಸರಿಗಾದರೂ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕಾರ್ಖಾನೆಯಲ್ಲಿ ಅದನ್ನು ಕೊಡಲೇಬೇಕು ಅನ್ನುವ ಕಾನೂನಿಲ್ಲ. ತಂದೆಯಾಗುವವನು ತನ್ನ ಗಳಿಕೆ ರಜೆಯನ್ನು ಒಂದೊಂದಾಗಿ ಉಳಿಸಿಕೊಂಡು ಕಾಯಬೇಕು. ಇದು ನನಗೆ ಬರೀ ರಜೆಯ ಮಾತಾಗಿ ಕಾಣುವುದಿಲ್ಲ. ಮಗು ಹುಟ್ಟಿದ ದಿನ ಗಂಡಸಿಗೆ ಮನೆಯಲ್ಲಿ ಕೆಲಸವಿಲ್ಲ ಅಂತ ನಾವೆಲ್ಲ ಒಪ್ಪಿಕೊಂಡಿದ್ದೇವೆ, ಕಾನೂನು ಅದನ್ನೇ ಹೇಳುತ್ತಿದೆ.

ಆಸ್ಪತ್ರೆಯೂ ಹಾಗೆಯೇ. ಐದನೇ ತಿಂಗಳಲ್ಲಿ, ಮಗುವಿನ ಅಂಗಾಂಗ ನೋಡುವ ದೊಡ್ಡ ಸ್ಕ್ಯಾನಿಂಗ್ ಮಾಡಿದ ದಿನ, ಇವರನ್ನು ಒಳಗೆ ಬಿಡಲಿಲ್ಲ. ಬೆನ್ನುಮೂಳೆ, ಹೃದಯದ ನಾಲ್ಕು ಕೋಣೆ, ಮಡಚಿದ ಮೊಣಕಾಲು, ಎಲ್ಲವನ್ನೂ ನಾನೊಬ್ಬಳೇ ನೋಡಿದೆ. ಹೊರಗೆ ಬಂದು ಇವರ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಸ್ಕ್ಯಾನಿಂಗ್‌ಗೆ ಮೊದಲು ಒಂದು ಅರ್ಜಿ ತುಂಬಿಸುತ್ತಾರೆ. ಮಗುವಿನ ಲಿಂಗ ತಿಳಿಯುವ ಇಚ್ಛೆ ನನಗಿಲ್ಲ ಅಂತ ಅದರಲ್ಲಿ ಬಸುರಿ ಸಹಿ ಮಾಡಬೇಕು. 1994ರ ಕಾಯ್ದೆಯಿಂದ ಬಂದದ್ದು, ಬೇಕೇ ಬೇಕಾದ ಕಾಯ್ದೆ. ಆದರೆ ಸಹಿ ಹೆಂಗಸಿನದು. ಗಂಡು ಬೇಕು ಅನ್ನುವ ಒತ್ತಡ ಬರುವುದು ಹೆಚ್ಚಾಗಿ ಯಾವ ಕಡೆಯಿಂದ ಅಂತ ನಮಗೆಲ್ಲ ಗೊತ್ತಿದೆ. "ಅದ್ರಲ್ಲಿ ನಂದೂ ಒಂದು ಸಹಿ ಇರ್ಬೇಕಿತ್ತು" ಅಂತ ಇವರು ಬೈಕಿನಲ್ಲಿ ವಾಪಸ್ ಬರುವಾಗ ಅಂದರು.

ಮಂಡ್ಯದವಳಾಗಿ ನನಗೆ ಆ ಮಾತು ಚುರುಕ್ ಅಂದಿತು. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆಯ ಜಾಲ ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಸುತ್ತಿತ್ತು ಅನ್ನುವ ಸುದ್ದಿ ಓದಿದ ದಿನ ನನಗೆ ಊಟ ಸೇರಿರಲಿಲ್ಲ. ಆಲೆಮನೆ ಅಂದರೆ ನಮಗೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಎಲೆಯ ಮೇಲೆ ಹಾಕಿಸಿಕೊಂಡು ನೆಕ್ಕಿದ ಬಿಸಿ ಬೆಲ್ಲ. ಅಂಥ ಜಾಗಕ್ಕೆ ಬಸುರಿಯರನ್ನು ಕರೆದುಕೊಂಡು ಹೋಗಿ ಹೊಟ್ಟೆಯಲ್ಲಿರುವುದು ಹೆಣ್ಣಾ ಅಂತ ನೋಡುತ್ತಿದ್ದರು. ಆ ಹೆಂಗಸರ ಪಕ್ಕದಲ್ಲಿ ಯಾರು ನಿಂತಿದ್ದರು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಈಗಲೂ ಬಳಗದ ಮದುವೆಗೆ ಹೋದರೆ ನನ್ನ ಹೊಟ್ಟೆಯ ಆಕಾರ ನೋಡಿ, ನಡಿಗೆ ನೋಡಿ, ಯಾವ ಮಗು ಅಂತ ಹೇಳುವವರು ಇದ್ದಾರೆ. ಕೆಲವರು ಕಿವಿಯ ಹತ್ತಿರ ಬಂದು, "ಡಾಕ್ಟ್ರು ಏನಾದ್ರೂ ಸೂಚನೆ ಕೊಟ್ರಾ?" ಅನ್ನುತ್ತಾರೆ. ಅದಕ್ಕೆ ಉತ್ತರ ಹೇಳುವ ಕೆಲಸವನ್ನು ಇವರು ವಹಿಸಿಕೊಂಡಿದ್ದಾರೆ. ತಮ್ಮ ಸೋದರತ್ತೆಗೇ ಎಲ್ಲರ ಎದುರಿಗೆ, "ಅತ್ತೆ, ಅದನ್ನ ಅವಳ ಹತ್ರ ಕೇಳ್ಬೇಡಿ. ನನ್ನ ಹತ್ರ ಕೇಳಿ. ನಮಗೆ ಬೇಕಾಗಿಲ್ಲ" ಅಂದರು. ಆ ಮಾತಾದ ಮೇಲೆ ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಗಂಡಸನ್ನು ಬಸುರಿನಿಂದ ಹೊರಗಿಡುವುದು ಹಿಂದಿನಿಂದ ಬಂದದ್ದು ಅಂತ ನಾನು ಮೊದಲು ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಹಳ್ಳಿಯಲ್ಲಿ ಬಸುರಿಯ ಗಂಡನಿಗೂ ಕಟ್ಟುಪಾಡುಗಳಿದ್ದವು: ತಲೆ ಬೋಳಿಸಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಹೊಸ ಮನೆಗೆ ಕೈಹಾಕಬಾರದು, ಕುಂಬಳಕಾಯಿ ಒಡೆಯಬಾರದು, ದೂರದ ಪ್ರಯಾಣ ಹೋಗಬಾರದು. ಶ್ರಾವಣದಲ್ಲಿ ಇವರ ದೊಡ್ಡಪ್ಪ ತೀರಿಕೊಂಡರು. ಇವರಿಗೆ ಸೈಕಲ್ ಕಲಿಸಿದವರು, ಓದಿಗೆ ದುಡ್ಡು ಕಟ್ಟಿದವರು. ಹಿರಿಯರು ಹೆಗಲು ಕೊಡಲು ಬಿಡಲಿಲ್ಲ. ಸ್ಮಶಾನಕ್ಕೂ ಬರಬೇಡ ಅಂದರು. ಎಲ್ಲರೂ ಹೋದ ಮೇಲೆ ಇವರು ದೊಡ್ಡಮ್ಮನ ಜೊತೆ ಖಾಲಿ ಅಂಗಳದಲ್ಲಿ ಉಳಿದರು. ನನಗೆ ಆ ನಂಬಿಕೆಯಲ್ಲಿ ನಂಬಿಕೆ ಇಲ್ಲ. ಹೆಗಲು ಕೊಟ್ಟಿದ್ದರೆ ನಮ್ಮ ಮಗುವಿಗೆ ಏನೂ ಆಗುತ್ತಿರಲಿಲ್ಲ, ಇವರ ದುಃಖ ಒಂದಷ್ಟು ಇಳಿಯುತ್ತಿತ್ತು. ಆದರೆ ಮನೆಗೆ ಬಂದ ಮೇಲೆ ಇವರೇ ಒಂದು ಮಾತು ಹೇಳಿದರು: "ಇವತ್ತೇ ಕಣೇ ಮೊದಲ ಸಲ, ಮಗು ನನಗೂ ಸೇರಿದ್ದು ಅಂತ ಬೇರೆಯವರು ಒಪ್ಕೊಂಡಿದ್ದು."

ಹಿರಿಯರು ಬಸುರಿಯ ಗಂಡನ ಮೈಯನ್ನೂ ಕಟ್ಟಿಹಾಕಿದ್ದರು, ಭಯದಿಂದಲೇ ಇರಲಿ. ಕಟ್ಟುಪಾಡು ಈಗ ಸಡಿಲವಾಗಿದೆ, ಆಗಬೇಕಾದದ್ದೇ. ಅದರ ಜೊತೆಗೆ ಅವನಿಗಿದ್ದ ಜಾಗವೂ ಹೋಯಿತು. ನಮ್ಮ ಬೀದಿಯಲ್ಲಿ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರಿದ್ದಾರೆ. ಸೀಮಂತದ ಮಾತು ಬಂದಾಗ ಅವರು ವಿವರಿಸಿದರು: ಮನೆಯ ಸಂಸ್ಕಾರಗಳನ್ನು ವಿವರಿಸುವ ಹಳೆಯ ಗ್ರಂಥಗಳಾದ ಗೃಹ್ಯಸೂತ್ರಗಳಲ್ಲಿ ಹೇಳಿರುವ ಸೀಮಂತೋನ್ನಯನದಲ್ಲಿ ಮುಖ್ಯ ಕೆಲಸ ಗಂಡನದೇ. ಎಳೆಯ ಅತ್ತಿಕಾಯಿಯ ಗೊಂಚಲು, ಮುಳ್ಳುಹಂದಿಯ ಮುಳ್ಳು ಹಿಡಿದು ಅವನೇ ಹೆಂಡತಿಯ ಬೈತಲೆಯನ್ನು ಮುಂದಿನಿಂದ ಮೇಲಕ್ಕೆ ತೆಗೆಯಬೇಕು. ದೀಪಾವಳಿ ಕಳೆದ ಮೇಲೆ ಊರಿನಲ್ಲಿ ನನಗೆ ಮಾಡಿದ ಸೀಮಂತದಲ್ಲಿ ಗಂಡಸರೆಲ್ಲ ಶಾಮಿಯಾನದ ಆ ಕಡೆ ಊಟದ ಎಲೆ ಹಾಕುತ್ತಿದ್ದರು. ಇವರನ್ನು ಕರೆದದ್ದು ಫೋಟೋಗೆ. ಎಲ್ಲರೂ ಬಳೆ ತೊಡಿಸಿ ಮುಗಿದ ಮೇಲೆ ನಾನು ಅವ್ವನ ಕಿವಿಯಲ್ಲಿ ಹೇಳಿದೆ, ಅವ್ವ ಹೂವಿನ ತಟ್ಟೆಯನ್ನು ಅಳಿಯನ ಕೈಗೆ ಕೊಟ್ಟಳು. ಇವರು ಮೈಸೂರಿನಿಂದ ತಂದಿದ್ದ ಮಲ್ಲಿಗೆಯನ್ನು ನನ್ನ ಜಡೆಗೆ ಮುಡಿಸಿದರು. ಹೆಂಗಸರು ಗಲಗಲ ನಕ್ಕರು. ನಮ್ಮಜ್ಜಿ ಮಾತ್ರ, "ಇನ್ನೂ ಒಂದು ಎಳೆ ಮುಡ್ಸಪ್ಪ" ಅಂದಳು.

ಅಂದೇ ಸಂಜೆ ನಾನು ಅವ್ವನಿಗೆ ಹೇಳಿದ್ದು, ಉಳಿಯುವುದಿಲ್ಲ ಅಂತ. ಅವ್ವನಿಗೆ ನೋವಾಯಿತು. "ಜನ ಏನಂದಾರು, ಮಗ್ಳ ಬಾಣಂತನ ಮಾಡಾಕೆ ಗತಿ ಇಲ್ವಾ ಅಂದಾರು" ಅಂದಳು. ಅವಳ ನೋವು ಜನದ್ದಲ್ಲ ಅಂತ ನನಗೆ ಗೊತ್ತಿತ್ತು. ನನಗೆ ಎಣ್ಣೆ ಹಚ್ಚಿ ನೀರು ಹಾಕಬೇಕು, ಸಬ್ಬಸಿಗೆ ಸೊಪ್ಪಿನ ಸಾರು ಮಾಡಬೇಕು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸಬೇಕು ಅಂತ ವರ್ಷಗಳಿಂದ ಕಾದವಳು. "ಅದನ್ನೆಲ್ಲ ಮಾಡ್ಬೇಕು ಕಣವ್ವ, ನೀನು ಮೈಸೂರಿಗೆ ಬಂದು ಮಾಡು" ಅಂದೆ. ನಾನು ಊರಲ್ಲೇ ಉಳಿದರೆ ಇವರು ಶಿಫ್ಟ್ ಮುಗಿಸಿ ಹೇಗೆ ಓಡಾಡಬೇಕು ಅಂತಲೂ ಹೇಳಿದೆ. ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲಿ ರಾತ್ರಿ ಹೊತ್ತು ಬರಬೇಕು. ಅವ್ವನನ್ನು ಒಪ್ಪಿಸಿದ್ದು ಆ ಮಾತು ಅಂತ ಕಾಣುತ್ತದೆ. ಅಳಿಯ ಕತ್ತಲಲ್ಲಿ ಬೈಕ್ ಓಡಿಸುವುದನ್ನು ಅವಳು ತಾಳಲಾರಳು.

ತವರಿಗೆ ಹೋಗಿದ್ದರೆ ನಮಗೆ ಏನು ತಪ್ಪುತ್ತಿತ್ತು ಅಂತ ಕೇಳಿದರೆ ನಾನು ರಾತ್ರಿಗಳನ್ನು ಹೇಳುತ್ತೇನೆ. ಎಡಮಗ್ಗುಲಿಗೆ ಮಲಗಬೇಕು, ಅಂಗಾತ ಮಲಗಿದರೆ ಗರ್ಭದ ಭಾರ ಕೆಳಗಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ ಮೇಲೆ ಬೀಳುತ್ತದೆ. ಎಡಕ್ಕೇ ಮಲಗಿ ಮಲಗಿ ಸೊಂಟ ಹಿಡಿಯುತ್ತದೆ. ಎರಡು ಗಂಟೆಗೋ ಮೂರು ಗಂಟೆಗೋ ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡು ಕಿರುಚುವ ಹಾಗಾಗುತ್ತದೆ. ಇವರು ನಿದ್ದೆಗಣ್ಣಲ್ಲೇ ಎದ್ದು ಕೂತು ನನ್ನ ಪಾದ ಹಿಡಿದು ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯುತ್ತಾರೆ, ಹಿಡಿತ ಬಿಡುವವರೆಗೂ ಹಾಗೇ ಇರುತ್ತಾರೆ. ಆ ಹೊತ್ತಿಗೆ ಒಮ್ಮೊಮ್ಮೆ ಮೃಗಾಲಯದಿಂದ ಸಿಂಹದ ಗರ್ಜನೆ ಕೇಳುತ್ತದೆ. ಇಟ್ಟಿಗೆಗೂಡಿನವರಿಗೆ ಅದು ಹೊಸತಲ್ಲ. ನಿದ್ದೆ ಬಾರದಿದ್ದರೆ ಮಾತು. ಹೆಸರು, ಸ್ಕೂಲು, ಇವರ ಖಾಕಿ ಅಂಗಿಯ ಅಪ್ಪ, ನನ್ನಪ್ಪ ಕಬ್ಬಿನ ಬಾಕಿಗಾಗಿ ಅಲೆದದ್ದು. ಹೆರಿಗೆಯಲ್ಲಿ ನನಗೇನಾದರೂ ಆದರೆ ಅನ್ನುವ ಮಾತನ್ನೂ ಅಂಥ ಒಂದು ರಾತ್ರಿ ಆಡಿದೆ. ಹಗಲಿನಲ್ಲಿ, ಫೋನಿನಲ್ಲಿ ಅದನ್ನು ಆಡಲು ಆಗುತ್ತಿರಲಿಲ್ಲ. "ಹಾಗೆಲ್ಲ ಅನ್ಬೇಡ" ಅಂತ ಇವರು ನನ್ನ ಬಾಯಿ ಮುಚ್ಚಿಸಲಿಲ್ಲ. ಪೂರ್ತಿ ಕೇಳಿದರು. ಆಮೇಲೆ, "ನನಗೂ ಅದೇ ಭಯ" ಅಂದರು.

ಮಗು ಒದೆಯುವುದು ಇವರ ಕೈಗೆ ಮೊದಲು ಸಿಕ್ಕಿದ್ದು ದಸರಾಗೆ ಮುಂಚೆ. ಜಂಬೂ ಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರಲ್ಲ, ಆ ಸದ್ದಿಗೆ ಆನೆ ಕುದುರೆಗಳು ಬೆದರದಿರಲಿ ಅಂತ ಮೊದಲೇ ತಾಲೀಮು ಮಾಡಿಸುತ್ತಾರೆ. ಫಸ್ಟ್ ಶಿಫ್ಟ್ ಮುಗಿಸಿ ಬಂದು ಇವರು ಊಟಕ್ಕೆ ಕೂತಿದ್ದರು, ಅರಮನೆ ಕಡೆಯಿಂದ ಢಂ ಅಂದಿತು, ಕಿಟಕಿ ಗಾಜು ನಡುಗಿತು. ಹೊಟ್ಟೆಯೊಳಗೆ ಒಂದು ಜೋರು ಹೊರಳಾಟ. "ರೀ, ಬೇಗ!" ಅಂದೆ. ಅನ್ನ ಮೆತ್ತಿದ ಕೈ ಬಿಟ್ಟು ಎಡಗೈ ಇಟ್ಟರು. ಎರಡನೇ ತೋಪಿನ ಹೊತ್ತಿಗೆ ಮತ್ತೆ ಒದೆಯಿತು. ನಾಲ್ಕಾರು ವಾರದಿಂದ ನಾನು ಹೇಳುತ್ತಲೇ ಇದ್ದೆ, ಇವರು ನಂಬುತ್ತಲೇ ಇದ್ದರು. ಆ ದಿನ ಇವರಿಗೇ ಗೊತ್ತಾಯಿತು. ಊಟದ ತಟ್ಟೆ ಆರಿಹೋಗುವವರೆಗೂ ಕೈ ತೆಗೆಯಲಿಲ್ಲ.

ಈಗ ಉಳಿದಿದ್ದ ದೊಡ್ಡ ಮಾತು ಹೆರಿಗೆ ಕೋಣೆಯದು. ಹೆರುವವಳು ಬಯಸಿದವರೊಬ್ಬರು ಜೊತೆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಜೊತೆಗೊಬ್ಬರನ್ನು ಬಿಡಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಸೂಚಿಸಿತು. ಹೆತ್ತ ಅನುಭವವಿರುವ ಹೆಂಗಸಾದರೆ ಒಳ್ಳೆಯದು, ಬೇರೆ ಹೆಂಗಸರಿಗೆ ಮರೆ ಇರುವಂಥ ಕೋಣೆಯಾದರೆ ಗಂಡನೂ ಇರಬಹುದು ಅಂತ. ನಮ್ಮ ಡಾಕ್ಟರನ್ನು ಕೇಳಿದೆವು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಬೇರೆ ಹೆರಿಗೆ ಇಲ್ಲದಿದ್ದರೆ ಬಿಡುತ್ತೇನೆ, ಆದರೆ ಒಬ್ಬರನ್ನು ಮಾತ್ರ ಅಂದರು. ಒಬ್ಬರು ಅಂದರೆ ಇವರೋ ಅವ್ವನೋ? ಇದನ್ನು ಅವ್ವನಿಗೆ ಹೇಗೆ ಹೇಳುವುದು ಅಂತ ನಾನು ತಡೆದುಕೊಂಡೇ ಇದ್ದೆ. ಕೊನೆಗೆ ಇವರೇ ಫೋನ್ ತೆಗೆದುಕೊಂಡು, "ಅತ್ತೆ, ನೀವಿರಿ, ನಿಮಗೆ ಗೊತ್ತಿರುತ್ತೆ" ಅಂದರು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಇವ್ಳು ಹುಟ್ಟ್ದಾಗ ಇವ್ರಪ್ಪ ಗದ್ದೆಗೆ ನೀರು ಕಟ್ತಿದ್ರು. ಸುದ್ದಿ ಮುಟ್ಟಿ ಬರೋ ಹೊತ್ಗೆ ಸಂಜೆ. ನಾ ಅವತ್ತು ಕರ್ದಿದ್ದು ನಮ್ಮವ್ವನ್ನಲ್ಲ, ಅವ್ರ್ನ. ನೀವೇ ಹೋಗಿ, ನಾ ಆಚೆ ಕೂತಿರ್ತೀನಿ. ಹೊಟ್ಟೆಗೆ ತಿಂದ್ಕೊಂಡು ಹೋಗಿ, ಬರೀ ಹೊಟ್ಟೇಲಿ ನಿಂತ್ರೆ ತಲೆ ಸುತ್ತುತ್ತೆ."

ಜನವರಿಯ ಮೊದಲ ವಾರದಿಂದ ನೈಟ್ ಶಿಫ್ಟ್ ಹಾಕಬೇಡಿ ಅಂತ ಇವರು ಬರೆದುಕೊಟ್ಟಿದ್ದಾರೆ. ಬದಲಿಗೆ ಬರಲು ಜೊತೆಯವರೊಬ್ಬರು ಒಪ್ಪಿದ್ದಾರೆ. ಗಳಿಕೆ ರಜೆಯಲ್ಲಿ ಸಿಗುವುದು ಎರಡು ವಾರ. ಅವ್ವ ಸಂಕ್ರಾಂತಿಗೆ ಮೊದಲೇ ಬರುತ್ತಾಳೆ. ದನ ನೋಡಿಕೊಳ್ಳಲು ಚಿಕ್ಕಮ್ಮನನ್ನು ಒಪ್ಪಿಸಿದ್ದಾಳೆ, ಅಪ್ಪನಿಗೆ ಮುದ್ದೆ ತಿರುವುವುದನ್ನು ಕಲಿಸುತ್ತಿದ್ದಾಳಂತೆ.